ಒಂದೇ ಅಚ್ಚಿನ ಹೋರಿ, ಒಂಬತ್ತು ಕೈಯ ಬಣ್ಣ

ನನ್ನದು ಕೋಲಾರದಲ್ಲಿ ಕಾರು, ಆಟೋಗಳ ಡೆಂಟಿಂಗ್-ಪೇಂಟಿಂಗ್ ಗ್ಯಾರೇಜು. ಚಿತ್ರಕಲೆಗೂ ನನಗೂ ಇದ್ದ ನಂಟು ಅಂದರೆ ಆಟೋ ಬೆನ್ನಿಗೆ ‘ತಾಯಿಯ ಆಶೀರ್ವಾದ’ ಬರೆಸಿಕೊಡೋದು, ಅಷ್ಟೇ. ಅಂಥವನು ಕೆರೆ ಪಕ್ಕದ ಪಾರ್ಕಿನಲ್ಲಿ ಒಂಬತ್ತು ಫೈಬರ್ ಹೋರಿ ನಿಲ್ಲಿಸಿ, ಒಂದೊಂದಕ್ಕೂ ನಮ್ಮ ಕಡೆಯ ಒಬ್ಬೊಬ್ಬ ಕಲಾವಿದರ ಕೈಲಿ ಬಣ್ಣ ಹಾಕಿಸೋ ಕೆಲಸಕ್ಕೆ ಬಿದ್ದೆ. ಬೆಳಿಗ್ಗೆ ವಾಕಿಂಗ್ ಬರೋ ಬಳಗದವರು ‘ಫೈಬರ್ ಮೇಲೆ ಬಣ್ಣ ನಿಲ್ಲುತ್ತಾ?’ ಅಂತ ಕೇಳೋಕೆ ಗ್ಯಾರೇಜಿಗೆ ಬಂದಿದ್ದರು. ನಿಲ್ಲುತ್ತೆ ಅಂದೆ. ‘ಹಾಗಾದರೆ ನೀವೇ ನೋಡಿಕೊಂಡುಬಿಡಿ’ ಅಂದರು. ಈಗ ಬಂಗಾರಪೇಟೆಯವರು, ಚಿಂತಾಮಣಿಯವರು, ಯಾವುದೋ ಶಾಲೆಯವರು ಫೋನ್ ಮಾಡಿ ‘ಹೆಂಗೆ ಮಾಡಿದ್ರಿ’ ಅಂತ ಕೇಳ್ತಾರೆ. ಸ್ಪ್ರೇ ಗನ್ ಹಿಡಿದುಕೊಂಡು ಅದೇ ಕತೆ ಎಷ್ಟು ಸಲ ಹೇಳೋದು. ಬರೆದಿಟ್ಟಿದ್ದೀನಿ, ಓದಿಕೊಳ್ಳಿ.

ಇದು ನಾವು ಕಂಡುಹಿಡಿದ ಆಟ ಅಲ್ಲ. 1998ರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ಊರಿನ ಬೀದಿಗಳಲ್ಲಿ ಫೈಬರ್ ಹಸುಗಳನ್ನು ನಿಲ್ಲಿಸಿ ಕಲಾವಿದರಿಂದ ಬಣ್ಣ ಹಾಕಿಸಿದ್ದರು. ಮರುವರ್ಷ ಅಮೆರಿಕದ ಶಿಕಾಗೊದಲ್ಲಿ 300ಕ್ಕೂ ಹೆಚ್ಚು ಹಸುಗಳು ನಿಂತವು. ಕೊನೆಗೆ ಅವುಗಳನ್ನು ಹರಾಜು ಹಾಕಿ ಬಂದ ದುಡ್ಡನ್ನು ದಾನಕ್ಕೆ ಕೊಟ್ಟರು. 2007ರಲ್ಲಿ ನೆದರ್‌ಲೆಂಡ್ಸಿನ ರಾಟರ್‌ಡ್ಯಾಮಿನಲ್ಲಿ ಆನೆಮರಿಗಳ ಮೆರವಣಿಗೆ ಶುರುವಾಯಿತು, 2018ರಲ್ಲಿ ಅದು ನಮ್ಮ ದೇಶಕ್ಕೂ ಬಂತು. ಲೆಕ್ಕ ಎಲ್ಲ ಕಡೆ ಒಂದೇ: ಪ್ರಾಣಿಯ ಮೈ ಒಂದೇ ಅಚ್ಚಿನದು, ಮೇಲಿನ ಬಣ್ಣ ಒಬ್ಬೊಬ್ಬರದು ಒಂದೊಂದು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಕ್ರಾಂತಿ ದಿನ ಜೀವಂತ ಹೋರಿಯ ಕೊಂಬಿಗೇ ಬಣ್ಣ ಬಳಿದು, ಹಿತ್ತಾಳೆ ಕಳಸ ತೊಡಿಸಿ, ಬೆನ್ನಿಗೆ ಜೂಲು ಹೊದಿಸಿ ಕಿಚ್ಚು ಹಾಯಿಸೋ ಜನ ನಾವು.

ಯಾವ ಪ್ರಾಣಿ ಅನ್ನೋದನ್ನು ಮೊದಲು ತೀರ್ಮಾನ ಮಾಡಿಕೊಳ್ಳಿ. ನಮ್ಮ ಸಭೆಯಲ್ಲಿ ಒಬ್ಬ ಹುಡುಗ ಬಾವಲಿ ಅಂದ. ಎಲ್ಲ ನಕ್ಕರು. ಅವನು ಹೇಳಿದ್ದು ಸುಳ್ಳೇನಲ್ಲ: ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿ ಗುಹೆಯಲ್ಲಿ ಎಲೆಮೂಗಿನ ಬಾವಲಿ ಅಂತ ಒಂದಿದೆ, ವಿಜ್ಞಾನಿಗಳು ಅದಕ್ಕೆ ಕೋಲಾರದ ಹೆಸರನ್ನೇ ಇಟ್ಟಿದ್ದಾರೆ, ಅಳಿವಿನ ಅಂಚಿನಲ್ಲಿದೆ. ಆದರೆ ಬಾವಲಿ ಮನೆಯೊಳಗೆ ಬಂದರೆ ಶಾಂತಿ ಮಾಡಿಸೋ ಊರಲ್ಲಿ ಆರಡಿ ಬಾವಲಿಗೆ ಚಂದಾ ಎತ್ತೋದು ಯಾರು? ಇನ್ನೊಂದು ತೊಂದರೆ, ಬಾವಲಿಗೆ ಬಣ್ಣ ಹಾಕೋಕೆ ಅಗಲವಾದ ಮೈಯೇ ಇಲ್ಲ, ಎಲ್ಲ ರೆಕ್ಕೆ. ಬೆನ್ನು, ಪಕ್ಕೆ, ಹೊಟ್ಟೆ ಅಂತ ತುಂಬಾ ಜಾಗ ಇರೋ ಪ್ರಾಣಿ ಬೇಕು. ಹಳ್ಳಿಕಾರ್ ಹೋರಿಗೆ ಎಲ್ಲರೂ ಒಪ್ಪಿದರು. ನಮ್ಮ ಸೀಮೆಯ ತಳಿ, 2000ದಲ್ಲಿ ಅಂಚೆ ಇಲಾಖೆ ಅದರ ಚಿತ್ರ ಹಾಕಿ ಅಂಚೆಚೀಟಿ ತಂದಿತ್ತು. ಬಾವಲಿ ಹುಡುಗನಿಗೆ ಕೊನೆಗೆ ಪಾರ್ಕಿನ ಪಂಪ್‌ಹೌಸ್ ಗೋಡೆ ಕೊಟ್ಟೆವು. ಚೆನ್ನಾಗಿಯೇ ಬರೆದ.

ಪ್ರಾಣಿ ನಿಂತಿರಬೇಕೋ ಕೂತಿರಬೇಕೋ ಅನ್ನೋದು ಸಣ್ಣ ವಿಚಾರ ಅಂದುಕೊಂಡಿದ್ದೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಗೊತ್ತಲ್ಲ, ತಲೆತಲಾಂತರದಿಂದ ಕಲ್ಲು ಕೆತ್ತೋರ ಊರು. ಅಲ್ಲಿ ಒಬ್ಬ ಹಿರಿಯ ಶಿಲ್ಪಿಗಳ ಹತ್ತಿರ ಸಲಹೆ ಕೇಳೋಕೆ ಹೋಗಿದ್ದೆ. ಉಳಿ ಕೆಳಗಿಡದೆ ಹೇಳಿದರು: “ಕೂತದ್ದು ಮಾಡಿಸಿದರೆ ಬಸವಣ್ಣ ಆಗ್ತಾನಪ್ಪ. ಮೂರನೇ ದಿನಕ್ಕೆ ಎಣ್ಣೆ, ಕುಂಕುಮ, ಕಾಯಿ. ನಿಮ್ಮ ಬಣ್ಣ ಯಾರಿಗೂ ಕಾಣಲ್ಲ. ನಿಂತದ್ದು ಮಾಡಿಸು, ಅದು ದನ ಆಗೇ ಉಳಿಯುತ್ತೆ.” ಈ ಒಂದು ಮಾತಿಗೆ ಅವರಿಗೆ ಎಷ್ಟು ಕೈಮುಗಿದರೂ ಕಮ್ಮಿ.

ಅಚ್ಚು ಮಾಡೋರು ಮೊದಲು ಜೇಡಿಮಣ್ಣಲ್ಲಿ ಒಂದು ಹೋರಿ ಮಾಡ್ತಾರೆ, ಅದರ ಮೇಲೆ ಎರಡು ಹೋಳಿನ ಅಚ್ಚು ತೆಗೀತಾರೆ, ಅಚ್ಚಿನೊಳಗೆ ಗಾಜಿನ ನಾರಿನ ಮ್ಯಾಟು ಹಾಸಿ, ಒಣಗಿ ಗಟ್ಟಿಯಾಗೋ ರೆಸಿನ್ ಅನ್ನೋ ಅಂಟು ಬಳೀತಾರೆ. ಮಣ್ಣಿನ ಹೋರಿ ಇನ್ನೂ ಹಸಿಯಾಗಿರುವಾಗಲೇ ಹೋರಿ ಸಾಕಿದವರೊಬ್ಬರನ್ನು ಕರೆದುಕೊಂಡು ಹೋಗಿ ತೋರಿಸಿ. ನಾವು ಕರೆದುಕೊಂಡು ಹೋದ ರೈತ ಸುತ್ತ ಒಂದು ಸುತ್ತು ಹಾಕಿ, “ಮೈ ಪರವಾಗಿಲ್ಲ. ಕೊಂಬು ಮಾತ್ರ ಕುರ್ಚಿ ಕೈ ಇದ್ದಂಗೈತೆ” ಅಂದ. ಹಳ್ಳಿಕಾರ್ ಕೊಂಬು ನೆತ್ತಿಯಲ್ಲಿ ಒತ್ತೊತ್ತಾಗಿ ಹುಟ್ಟಿ, ನೆಟ್ಟಗೆ ಹಿಂದಕ್ಕೆ ಹೋಗಿ, ಆಮೇಲೆ ಮೆಲ್ಲಗೆ ಮುಂದಕ್ಕೆ ಬಾಗುತ್ತೆ. ಅಚ್ಚಿನವರು ಮೊಬೈಲಿನಲ್ಲಿ ಯಾವ ದನ ನೋಡಿದ್ದರೋ! ಕೊಂಬಿಗೇ ಎರಡು ದಿನ ಹಿಡೀತು. ಆ ಎರಡು ದಿನ ಉಳಿಸಿದ್ದರೆ ಒಂಬತ್ತು ಹೋರಿಗೂ ಕುರ್ಚಿ ಕೈ ಇರುತ್ತಿತ್ತು. ಕೊಂಬಿನೊಳಗೆ ಕಬ್ಬಿಣದ ಸರಳು, ಕಾಲೊಳಗೆ ಆಂಗಲ್ ಹಾಕಿಸಿ, ತುದಿಗಳನ್ನು ಮೊಂಡು ಮಾಡಿಸಿ. ಮಕ್ಕಳು ಹತ್ತೇ ಹತ್ತುತ್ತಾರೆ, ‘ಹತ್ತಬಾರದು’ ಅನ್ನೋ ಬೋರ್ಡು ಓದೋಕೂ ಅದರ ಮೇಲೇ ಹತ್ತಿ ನಿಲ್ತಾರೆ.

ಇನ್ನು ನನ್ನ ವಿಷಯಕ್ಕೆ ಬರ್ತೀನಿ. ಅಚ್ಚಿನಿಂದ ಹೋರಿ ಬಿಟ್ಟುಬರಲಿ ಅಂತ ಒಳಗೆ ವ್ಯಾಕ್ಸ್ ಸವರಿರ್ತಾರೆ. ಆ ವ್ಯಾಕ್ಸ್ ಹೋರಿ ಮೈಗೂ ಅಂಟಿರುತ್ತೆ, ಕಣ್ಣಿಗೆ ಕಾಣಲ್ಲ. ಅದರ ಮೇಲೆ ಎಂಥ ದೊಡ್ಡ ಕಲಾವಿದರು ಬಣ್ಣ ಹಾಕಿದರೂ ಒಂದು ಮಳೆಗಾಲ ಕಳೆಯೋದರೊಳಗೆ ಚಕ್ಕೆ ಏಳುತ್ತೆ. ಹೋರಿ ಬಂದ ತಕ್ಷಣ ಸೋಪಿನ ನೀರಲ್ಲಿ ಉಜ್ಜಿ ತೊಳೆಯಿರಿ. ಒಣಗಿದ ಮೇಲೆ ಬಿಳಿ ಬಟ್ಟೆಯಲ್ಲಿ ತಿನ್ನರ್ ಹಚ್ಚಿ ಒರೆಸಿ, ಬಟ್ಟೆ ಕೊಳೆಯಾದಂತೆಲ್ಲ ಬದಲಾಯಿಸಿ. ಒಂದೇ ಬಟ್ಟೆಯಲ್ಲಿ ಒರೆಸಿದರೆ ವ್ಯಾಕ್ಸನ್ನು ಇಲ್ಲಿಂದ ಅಲ್ಲಿಗೆ ಸಾಗಿಸಿದಂಗೆ. ಆಮೇಲೆ 220ರ ಎಮರಿ ಪೇಪರ್, ಹಿಂದೆಯೇ 320 (ನಂಬರ್ ಹೆಚ್ಚಾದಷ್ಟೂ ನಯ). ಕೈಯಾಡಿಸಿದರೆ ಮೈ ಹೊಳಪು ಕಳೆದುಕೊಂಡು ಸುಣ್ಣದ ಗೋಡೆ ಥರ ಮಂಕಾಗಿರಬೇಕು. ಎರಡು ಹೋಳು ಸೇರಿರೋ ಜಾಯಿಂಟು ಬೆನ್ನ ಮೇಲೆ, ಹೊಟ್ಟೆ ಕೆಳಗೆ ಕಾಣುತ್ತೆ, ಅಲ್ಲಿ ಪುಟ್ಟಿ. ಕೊನೆಗೆ ಎರಡು ಕೋಟು ಎಪಾಕ್ಸಿ ಪ್ರೈಮರ್, ಅಂದರೆ ಮೇಲಿನ ಬಣ್ಣ ಹಿಡಿದು ನಿಲ್ಲೋಕೆ ಹೊಡೆಯೋ ಅಡಿಬಣ್ಣ, ಬಿಳಿಯದು. ಇಷ್ಟೂ ಕಲಾವಿದರು ಬರೋ ಮೊದಲೇ ಮುಗಿದಿರಬೇಕು. ಅವರ ಕೈಗೆ ಎಮರಿ ಪೇಪರ್ ಕೊಟ್ಟು ‘ಉಜ್ಜಿ’ ಅನ್ನೋದು, ಊಟಕ್ಕೆ ಕರೆದು ಅಕ್ಕಿ ಆರಿಸೋಕೆ ಕೂರಿಸಿದಂಗೆ.

ದುಡ್ಡು, ಪರವಾನಗಿ ಬಗ್ಗೆ ಜಾಸ್ತಿ ಹೇಳಲ್ಲ. ಪಾರ್ಕು ಯಾರದೋ ಅವರ ಬರವಣಿಗೆಯ ಒಪ್ಪಿಗೆ ತಗೊಳ್ಳಿ, ಬಾಯಿಮಾತಿಗೆ ಹೋಗಬೇಡಿ. ನಮಗೆ ಒಂದು ಕಚೇರಿಯಲ್ಲಿ ‘ಮಾಡ್ಕೊಳ್ರೀ, ಯಾರು ಬೇಡ ಅಂತಾರೆ’ ಅಂದವರೇ ಕಟ್ಟೆ ಕಟ್ಟೋಕೆ ಗುಂಡಿ ತೆಗೆದ ದಿನ ‘ಯಾರನ್ನ ಕೇಳಿ ತೆಗೆದ್ರಿ’ ಅಂದರು. ಒಂದು ಹೋರಿಗೆ ಒಬ್ಬ ದಾನಿ ಅಂತ ಹಿಡಿದರೆ ದುಡ್ಡು ಹೊಂದುತ್ತೆ. ದಾನಿಯ ಹೆಸರು ಕಟ್ಟೆ ಮೇಲೆ ಇರಲಿ, ಹೋರಿ ಮೈಮೇಲೆ ಬೇಡ. ನಮ್ಮಲ್ಲಿ ಒಬ್ಬರು ಹಣೆ ಮೇಲೇ ಅಂಗಡಿ ಹೆಸರು ಬೇಕು ಅಂದರು, ನಯವಾಗಿ ಬಿಟ್ಟುಬಿಟ್ಟೆವು.

ಈಗ ಕಲಾವಿದರನ್ನು ಕರೆಯೋದು. ನಾವು ಹೆಚ್ಚು ಎಡವಿದ್ದು ಇಲ್ಲೇ.

ನಮ್ಮ ಮೊದಲ ಪ್ರಕಟಣೆಯನ್ನು ಬಳಗದಲ್ಲಿದ್ದ ಒಬ್ಬ ಕಂಪ್ಯೂಟರ್ ಹುಡುಗ ಚೆಂದವಾಗಿ ಮಾಡಿಕೊಟ್ಟಿದ್ದ. ಆನ್‌ಲೈನ್ ಫಾರ್ಮು, ಪೋರ್ಟ್‌ಫೋಲಿಯೊ, ಪಿಡಿಎಫ್, ‘ನಿಮ್ಮ ಪರಿಕಲ್ಪನೆಯನ್ನು 300 ಪದಗಳಲ್ಲಿ ವಿವರಿಸಿ’. ಹದಿನೈದು ದಿನಕ್ಕೆ ಮೂರು ಅರ್ಜಿ ಬಂದವು, ಅದರಲ್ಲಿ ಎರಡು ಬೆಂಗಳೂರಿನವು. ನನಗೆ ಬೋರ್ಡು ಬರೆದುಕೊಡುತ್ತಿದ್ದ ಅಣ್ಣನೊಬ್ಬ ಇದ್ದಾನೆ, ಅರವತ್ತು ದಾಟಿದೆ, ಫ್ಲೆಕ್ಸ್ ಬಂದ ಮೇಲೆ ಕುಂಚ ಎತ್ತಿಟ್ಟು ಮಗನ ಟೀ ಅಂಗಡಿಯಲ್ಲಿ ಕೂರ್ತಾನೆ. ಅವನು ಬರೆದ ಹುಲಿ ಮೀಸೆ ನೋಡಿದರೆ ಮುಟ್ಟಿ ನೋಡೋಣ ಅನ್ನಿಸುತ್ತೆ. ‘ಯಾಕಣ್ಣಾ ಅರ್ಜಿ ಹಾಕಿಲ್ಲ?’ ಅಂದೆ. “ಅರ್ಜಿ ಹಾಕೋಕೆ ನಾನೇನು ಪಿಂಚಣಿ ಕೇಳ್ತಿದ್ದೀನೇನೋ? ಕೆಲಸ ಇದ್ರೆ ಬಂದು ಕರೆಯೋ” ಅಂದ.

ಅಂದಿನಿಂದ ಕಾಲಲ್ಲಿ ಓಡಾಡೋಕೆ ಶುರು ಮಾಡಿದೆವು. ಲಾರಿ ಬಾಡಿ ಕಟ್ಟೋ ಶೆಡ್ಡುಗಳಿಗೆ ಹೋದೆವು, ಗಣೇಶ ಮಾಡೋ ಮನೆಗಳಿಗೆ ಹೋದೆವು. ಧನುರ್ಮಾಸದಲ್ಲಿ ಬೆಳಿಗ್ಗೆ ಐದಕ್ಕೇ ಬೈಕ್ ತೆಗೆದುಕೊಂಡು ಯಾರ ಮನೆ ಮುಂದೆ ಎಂಥ ರಂಗೋಲಿ ಬಿದ್ದಿದೆ ನೋಡಿಕೊಂಡು ಬಂದೆವು. ಯಾವನೋ ಕಳ್ಳ ಅಂತ ಒಂದು ನಾಯಿ ಅಟ್ಟಿಸಿಕೊಂಡು ಬಂತು. ಆವಣಿ ಜಾತ್ರೆಯ ದನಗಳ ಮಧ್ಯೆ ಹಾಳೆ ಹಂಚಿದೆವು. ಡ್ರಾಯಿಂಗ್ ಮೇಷ್ಟ್ರುಗಳಿಗೆ ಹೇಳಿ ಕಳಿಸಿದೆವು. ಎರಡನೇ ಪ್ರಕಟಣೆ ಹೀಗಿತ್ತು, ಬೇಕಾದರೆ ಹಾಗೇ ಎತ್ತಿಕೊಳ್ಳಿ:

‘ಒಂಬತ್ತು ಹೋರಿಗಳಿಗೆ ಬಣ್ಣ ಹಾಕುವವರು ಬೇಕು. ಫೈಬರ್ ಹೋರಿ, ನಾಲ್ಕೂವರೆ ಅಡಿ ಎತ್ತರ, ಆರಡಿ ಉದ್ದ. ಬಣ್ಣ, ಕುಂಚ, ಮಧ್ಯಾಹ್ನದ ಊಟ ನಮ್ಮದು. ಗೌರವಧನ 10,000 ರೂಪಾಯಿ. ಚಿತ್ರ ಒಪ್ಪಿದ ದಿನ 4,000, ಮುಗಿದ ದಿನ 6,000. ಹತ್ತು ದಿನ ಸಮಯ, ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಗ್ಯಾರೇಜು ತೆರೆದಿರುತ್ತದೆ. ಓದು, ಸರ್ಟಿಫಿಕೇಟು ಕೇಳುವುದಿಲ್ಲ. ಜೊತೆಯವರನ್ನು ಕರೆತರಬಹುದು. ಹೋರಿ ಚಿತ್ರದ ಹಾಳೆ ಗ್ಯಾರೇಜಿನಲ್ಲಿ ಸಿಗುತ್ತದೆ, ಅದರ ಮೇಲೆ ಬಣ್ಣ ಹಾಕಿ ಶಿವರಾತ್ರಿ ಕಳೆದ ಎರಡನೇ ಭಾನುವಾರದೊಳಗೆ ಕೊಡಿ. ನಿಮ್ಮ ಹೆಸರು ಹೋರಿಯ ಪಕ್ಕದಲ್ಲೇ ಇರುತ್ತದೆ.’

ಇದರಲ್ಲಿ ಏನು ವಿಶೇಷ ಅಂದರೆ, ಕಲಾವಿದರು ಕೇಳೋಕೆ ಮುಜುಗರ ಪಡೋದನ್ನೆಲ್ಲ ನಾವೇ ಹೇಳಿಬಿಟ್ಟಿದ್ದೀವಿ. ಎಷ್ಟು ಕೊಡ್ತೀರ, ಯಾವಾಗ ಕೊಡ್ತೀರ, ಬಣ್ಣ ಯಾರದು. ‘ನಿಮಗೆ ಒಳ್ಳೆ ಪ್ರಚಾರ ಸಿಗುತ್ತೆ’ ಅನ್ನೋ ಮಾತನ್ನು ಮಾತ್ರ ಬರೆಯಬೇಡಿ. ಅಡುಗೆ ಭಟ್ಟರಿಗೆ ಹಾಗೆ ಹೇಳಿ ನೋಡಿ ಏನಂತಾರೆ.

ಹಾಳೆಯ ಒಂದು ಕಡೆ ಹೋರಿಯ ಎಡಮಗ್ಗುಲು, ಬಲಮಗ್ಗುಲು. ಇನ್ನೊಂದು ಕಡೆ ಮುಂಭಾಗ ಮತ್ತು ಮೇಲಿಂದ ನೋಡಿದ ಬೆನ್ನು. ಈ ನಾಲ್ಕೂ ಇಲ್ಲದಿದ್ದರೆ ಎಲ್ಲರೂ ಎಡಮಗ್ಗುಲಿಗೆ ಮಾತ್ರ ಚಿತ್ರ ಬರೆದು ಕೊಡ್ತಾರೆ, ಬಲಮಗ್ಗುಲು ಬೋಳು. ಇಪ್ಪತ್ತೇಳು ಹಾಳೆ ಬಂದವು. ಹೆಸರು ಕಾಣದಂತೆ ಹಿಂದಕ್ಕೆ ಮಡಚಿ, ಗ್ಯಾರೇಜಿನಲ್ಲಿ ತಂತಿ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ನೇತುಹಾಕಿದೆವು. ಆರಿಸೋಕೆ ಐದು ಜನ: ಒಬ್ಬರು ಮೇಷ್ಟ್ರು, ಒಬ್ಬ ಶಿಲ್ಪಿ, ಪಾರ್ಕಿನಲ್ಲಿ ಕಸ ಗುಡಿಸೋ ಅಕ್ಕ, ಎಂಟನೇ ಕ್ಲಾಸಿನ ಹುಡುಗಿ, ನಾನು. ದಾನಿಗಳನ್ನು ಸೇರಿಸಲಿಲ್ಲ. ಅಕ್ಕ ಒಂದು ಹಾಳೆ ನೋಡಿ, ‘ಇಷ್ಟು ಬಿಳೀದು ಬಿಟ್ರೆ ದಿನಾ ತೊಳೆಯೋದು ನಾನೇ ಅಲ್ವಾ’ ಅಂದರು. ಆ ಮಾತು ಮೇಷ್ಟ್ರಿಗೆ ಹೊಳೆದಿರಲಿಲ್ಲ.

ಏನು ಬರೆಯಬಾರದು ಅನ್ನೋದನ್ನು ಮೊದಲೇ ಹೇಳಿ, ಚಿತ್ರ ಮುಗಿದ ಮೇಲೆ ಹೇಳಬೇಡಿ. ಪಕ್ಷದ ಬಣ್ಣ ಬೇಡ, ಬದುಕಿರೋ ನಾಯಕರ ಮುಖ ಬೇಡ, ಕಾಲಿನ ಮೇಲೆ ದೇವರ ಚಿತ್ರ ಬೇಡ. ನಮ್ಮ ಪಜೀತಿ ಆಗಿದ್ದು ಕಮಲದಿಂದ. ಕಮಲ, ಕೈ, ತೆನೆ ಎಲ್ಲ ಕೆರೆಯಲ್ಲೂ ಹೊಲದಲ್ಲೂ ಇರೋವೇ, ಚುನಾವಣೆ ಬಂತೋ ಚಿಹ್ನೆ. ಒಂದು ಹೋರಿಯ ಪಕ್ಕೆಯಲ್ಲಿ ರಂಗೋಲಿಯ ಕಮಲ ಇತ್ತು, ನೀತಿಸಂಹಿತೆ ಮುಗಿಯೋವರೆಗೂ ಅದಕ್ಕೆ ಗೋಣಿತಾಟು ಸುತ್ತಿದ್ದೆವು. ಚಳಿಗೆ ಹೊದಿಸಿದ್ದಾರೆ ಅಂದುಕೊಂಡರು ಮಕ್ಕಳು.

ಆ ರಂಗೋಲಿ ಹೋರಿ ಮಾಡಿದ ಅಕ್ಕನ ಕೆಲಸ ನೋಡಬೇಕಿತ್ತು. ಕುಂಚ ಹಿಡಿದು ಅಭ್ಯಾಸ ಇಲ್ಲ. ಮೊದಲ ದಿನ ಪಕ್ಕೆ ಮೇಲೆ ಚುಕ್ಕಿ ಇಡೋಕೆ ಹೋದರು, ಇಪ್ಪತ್ತೊಂದರಿಂದ ಹನ್ನೊಂದರವರೆಗಿನ ಚುಕ್ಕಿ. ನೆಲದ ಮೇಲೆ ಸರಿಯಾಗಿ ಕೂರೋ ಚುಕ್ಕಿ ಹೊಟ್ಟೆಯ ಉಬ್ಬಿನ ಮೇಲೆ ಅಗಲಕ್ಕೆ ಹರಡಿಕೊಂಡು, ಭುಜದ ಹತ್ತಿರ ಒತ್ತರಿಸಿಕೊಂಡವು. ಒರೆಸಿದರು. ಮತ್ತೆ ಇಟ್ಟರು, ಮತ್ತೆ ಒರೆಸಿದರು. ಮಾರನೇ ದಿನ ಹೂ ಕಟ್ಟೋ ದಾರದ ಉಂಡೆ ತಂದು, ಗೋಪುರದಿಂದ ಹೊಟ್ಟೆಯ ಸುತ್ತ ದಾರ ಬಿಗಿದು (ಹೋರಿಯ ಭುಜದ ಮೇಲಿನ ಉಬ್ಬಿಗೆ ಅವರು ಗೋಪುರ ಅಂತಲೇ ಅನ್ನೋದು), ದಾರದ ಮೇಲೆ ಗೇಣಿನಲ್ಲಿ ಅಳೆದು ಚುಕ್ಕಿ ಇಟ್ಟರು. ಬಣ್ಣವನ್ನು ಮೆಹಂದಿ ಕೋನಿಗೆ ತುಂಬಿಕೊಂಡು ಗೆರೆ ಎಳೆದರು. ಎಳೆ ಎಲ್ಲೂ ಕಡಿಯಲಿಲ್ಲ. ನಾನು ಮೂವತ್ತು ವರ್ಷದಿಂದ ಕಾರಿಗೆ ಪಟ್ಟಿ ಹೊಡೀತಿದ್ದೀನಿ, ಹಾಗೆ ಒಂದೇ ಉಸಿರಲ್ಲಿ ಎಳೆಯೋಕೆ ನನ್ನ ಕೈಲಾಗಲ್ಲ.

ಕೆಜಿಎಫ್‌ನಿಂದ ಬಂದವನು ಗಣಿ ಕಾರ್ಮಿಕರ ಮನೆಯ ಹುಡುಗ. ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಅವನು ಹೋರಿಯ ಬೆನ್ನ ಮೇಲೆ ಬರೀ ಒಣಗಿದ ನೆಲ, ಗಣಿಯ ದೊಡ್ಡ ಚಕ್ರ ಬರೆದ. ಪಕ್ಕೆಗಳಲ್ಲಿ ಕೆಳಕ್ಕೆ, ಕೆಳಕ್ಕೆ ಇಳಿಯೋ ಪಂಜರ, ದೀಪ ಕಟ್ಟಿಕೊಂಡ ತಲೆಗಳು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಹೊಟ್ಟೆಯ ಕೆಳಗೆ, ಮಲಗಿ ನೋಡಿದರೆ ಮಾತ್ರ ಕಾಣೋ ಜಾಗದಲ್ಲಿ, ಒಂದು ಎಳೆ ಚಿನ್ನದ ಬಣ್ಣ. ‘ಯಾರಿಗೆ ಕಾಣುತ್ತೋ ಅಲ್ಲಿ?’ ಅಂದೆ. ‘ಚಿನ್ನ ಕಂಡೋರು ಎಷ್ಟು ಜನ ಸಾರ್’ ಅಂದ.

ಬಣ್ಣದ ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳಲ್ಲ. ಹೊರಗೋಡೆಯ ಎಮಲ್ಷನ್ ಅಥವಾ ಕಲಾವಿದರು ಬಳಸೋ ಅಕ್ರಿಲಿಕ್, ಎರಡೇ. ಪೋಸ್ಟರ್ ಕಲರ್ ಬೇಡ, ನೀರಿಗೆ ಬಿಡುತ್ತೆ. ಫ್ಲೋರೊಸೆಂಟ್ ಬೇಡ, ಒಂದು ಬೇಸಿಗೆಗೆ ಸತ್ತುಹೋಗುತ್ತೆ. ಮಾರ್ಕರ್ ಪೆನ್ನು ಬೇಡ, ಚಿತ್ರ ಉಳಿಯೋಕೆ ಕೊನೆಗೆ ಮೇಲೆ ಹೊಡೆಯೋ ಲ್ಯಾಕರ್ ತಾಗಿದರೆ ಹರಡುತ್ತೆ. ಎನಾಮಲ್, ಅಂದರೆ ಬಾಗಿಲು-ಕಬ್ಬಿಣಕ್ಕೆ ಬಳಿಯೋ ಎಣ್ಣೆ ಬಣ್ಣ, ಅಂತೂ ಬೇಡವೇ ಬೇಡ. ಇಷ್ಟು ಹೇಳಿದ್ದರೂ ನಮ್ಮ ಬೋರ್ಡಿನ ಅಣ್ಣ ತನ್ನ ಹಳೇ ಡಬ್ಬಿ ತಂದು, ನಾನು ಇಲ್ಲದ ಹೊತ್ತು ನೋಡಿ, ಹುಲಿಯ ಪಟ್ಟೆಗಳನ್ನು ಎನಾಮಲ್ಲಿನಲ್ಲೇ ಎಳೆದುಬಿಟ್ಟಿದ್ದ. ಹೋರಿ ಮೈಮೇಲೆ ಹುಲಿವೇಷ, ಒಳ್ಳೆ ಯೋಚನೆ. ನನಗೆ ಗೊತ್ತಿರಲಿಲ್ಲ. ನಾಲ್ಕನೇ ದಿನ ಲ್ಯಾಕರ್ ಹೊಡೆದೆ. ಐದು ನಿಮಿಷಕ್ಕೆ ಕಪ್ಪು ಪಟ್ಟೆಗಳು ಕಾಯಿಸಿದ ಹಾಲಿನ ಕೆನೆ ಥರ ಸುಕ್ಕುಗಟ್ಟಿ ಎದ್ದವು. ಅಣ್ಣ ನೋಡಿದ, ನಾನು ನೋಡಿದೆ, ಇಬ್ಬರೂ ಮಾತಾಡಲಿಲ್ಲ. ಇಡೀ ಒಂದು ಮಗ್ಗುಲು ಕೆರೆದು, ಪ್ರೈಮರ್ ಹೊಡೆದು ಮತ್ತೆ ಶುರು. ಎರಡನೇ ಸಲ ಅವನು ಎಳೆದ ಪಟ್ಟೆ ಮೊದಲಿನದಕ್ಕಿಂತ ಚೆನ್ನಾಗಿ ಬಂತು, ಅದನ್ನು ಅವನ ಮುಂದೆ ಹೇಳೋ ಧೈರ್ಯ ನನಗಿನ್ನೂ ಬಂದಿಲ್ಲ.

ಚಿತ್ರ ಮುಗಿದು ಕನಿಷ್ಠ ಮೂರು ದಿನ ಒಣಗಲಿ. ಆಮೇಲೆ ಕಾರಿಗೆ ಹೊಡೆಯೋ ಕ್ಲಿಯರ್ ಲ್ಯಾಕರ್, ಅದನ್ನು ಗಟ್ಟಿ ಮಾಡೋ ಹಾರ್ಡ್ನರ್ ಬೆರೆಸಿ. ಡಬ್ಬಿ ಮೇಲೆ ಹೇಳಿದ ಅಳತೆಯಲ್ಲೇ. ಮೊದಲ ಕೋಟು ಮಂಜಿನಂತೆ ತೆಳುವಾಗಿ, ಮುಂದಿನ ಎರಡು ತುಂಬಾಗಿ. ಮೋಡ ಕವಿದ ದಿನ ಹೊಡೆದರೆ ಬಿಳಿಚಿಕೊಳ್ಳುತ್ತೆ. ಹಾರ್ಡ್ನರಿನ ಹೊಗೆ ಶ್ವಾಸಕ್ಕೆ ಕೆಟ್ಟದ್ದು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಹೊಗೆ ಸೋಸೋ ಫಿಲ್ಟರ್ ಡಬ್ಬಿ ಇರೋ ಮಾಸ್ಕೇ ಬೇಕು. ಇದನ್ನು ಕಲಾವಿದರ ಕೈಲಿ ಮಾಡಿಸಬೇಡಿ, ಗನ್ ಹಿಡಿಯೋ ಕಸುಬಿನವರನ್ನು ಕರೆಯಿರಿ. ಶಿವರಾತ್ರಿ ಕಳೆದು ಯುಗಾದಿ ಒಳಗಿನ ದಿನಗಳು ಇದಕ್ಕೆ ಹೇಳಿ ಮಾಡಿಸಿದ್ದು.

ನಿಲ್ಲಿಸುವಾಗ ಹೊಟ್ಟೆಯ ಕೆಳಗೆ ಒಂದು ಸಣ್ಣ ತೂತು ಇರಲಿ, ಒಳಗೆ ನೀರು ನಿಂತರೆ ಕಬ್ಬಿಣ ತುಕ್ಕು ಹಿಡಿಯುತ್ತೆ. ಮೂಗಿನ ಹೊಳ್ಳೆ ಮಾತ್ರ ಮುಚ್ಚಿ. ನಾವು ಮುಚ್ಚಿರಲಿಲ್ಲ, ಕಣಜ ಗೂಡು ಕಟ್ಟಿ, ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸೋಕೆ ಬಂದವರು ಕತ್ತರಿ ಬಿಟ್ಟು ಓಡಿದರು.

ಬರವಣಿಗೆಯ ಒಪ್ಪಂದ ಒಂದು ಪುಟ ಸಾಕು. ನನ್ನ ಗಿರಾಕಿ ವಕೀಲರೊಬ್ಬರು ಬಂಪರ್ ರಿಪೇರಿಗೆ ಬಂದಾಗ ಹೇಳಿಕೊಟ್ಟರು. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮಿನ ಪ್ರಕಾರ, ಹಕ್ಕು ಮಾರಿದ ಮೇಲೂ ಕೃತಿಗೆ ತನ್ನ ಹೆಸರು ಕೇಳೋದು, ಅದನ್ನು ಕೆಡಿಸಿದರೆ ತಡೆಯೋದು ಕಲಾವಿದನ ಹಕ್ಕು. ದೆಹಲಿಯ ವಿಜ್ಞಾನ ಭವನದಿಂದ ಅಮರನಾಥ್ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು ಕಿತ್ತು ಹಾಳುಗೆಡವಿದ್ದಕ್ಕೆ 2005ರಲ್ಲಿ ದೆಹಲಿ ಹೈಕೋರ್ಟು ಸರ್ಕಾರದಿಂದ 5 ಲಕ್ಷ ಪರಿಹಾರ ಕೊಡಿಸಿ, ಶಿಲ್ಪವನ್ನೂ ವಾಪಸ್ ಕೊಡಿಸಿತು. ಹಾಗಾಗಿ ಎಷ್ಟು ವರ್ಷ ಹೊರಗಿಡ್ತೀರ, ಕೆಟ್ಟರೆ ಯಾರು ತಿದ್ದಬೇಕು, ತೆಗೆಯೋ ಕಾಲ ಬಂದರೆ ಕಲಾವಿದರಿಗೆ ಎಷ್ಟು ದಿನ ಮುಂಚೆ ತಿಳಿಸ್ತೀರ, ಕ್ಯಾಲೆಂಡರ್ ಮಾಡಿದರೆ ಪಾಲು ಎಷ್ಟು, ನಾಲ್ಕೂ ಬರೆದು ಇಬ್ಬರೂ ಸಹಿ ಹಾಕಿ. ನಮ್ಮದರಲ್ಲಿ ಐದು ವರ್ಷ ಅಂತ ಇದೆ.

ನಿಂತದ್ದು ದನ ಆಗೇ ಉಳಿಯುತ್ತೆ ಅಂದ ಶಿವಾರಪಟ್ಟಣದ ಶಿಲ್ಪಿಗಳ ಮಾತು ಮುಕ್ಕಾಲು ಪಾಲು ನಿಜವಾಯಿತು. ಎಂಟು ಹೋರಿ ದನವಾಗಿಯೇ ಉಳಿದಿವೆ. ಒಂಬತ್ತನೆಯದು, ಬೇವಿನ ಮರದ ಕೆಳಗಿನದು, ಯಾಕೋ ಏನೋ ದೇವರಾಗಿಬಿಟ್ಟಿದೆ. ಸೋಮವಾರ ಹೂ ಇಡ್ತಾರೆ. ಕುಂಕುಮ ಒದ್ದೆ ಬಟ್ಟೆಗೆ ಹೋಗುತ್ತೆ, ಅದಕ್ಕೇ ಲ್ಯಾಕರ್ ಬೇಕು ಅನ್ನೋದು. ದೀಪದ ಮಸಿ ಮಾತ್ರ ಕಷ್ಟ. ಜಗಳ ಆಡಲಿಲ್ಲ, ಮೂರಡಿ ದೂರದಲ್ಲಿ ದೀಪಕ್ಕೊಂದು ಪುಟ್ಟ ಕಲ್ಲಿನ ಗೂಡು ಇಟ್ಟೆವು. ಈಗ ಅಲ್ಲೇ ಹಚ್ಚುತ್ತಾರೆ.

ಉಳಿದ ಬಣ್ಣವನ್ನು ಎಸೆಯಬೇಡಿ. ಒಂದೊಂದು ಹೋರಿಯದೂ ಸಣ್ಣ ಸಣ್ಣ ಗಾಜಿನ ಶೀಶೆಯಲ್ಲಿ ತುಂಬಿ, ನಂಬರ್ ಬರೆದು, ಬಿಸಿಲು ಬೀಳದ ಕಡೆ ಇಡಿ. ವರ್ಷಕ್ಕೊಂದು ಸಲ ಸಂಕ್ರಾಂತಿಯ ಹಿಂದಿನ ದಿನ ಎಲ್ಲಕ್ಕೂ ಸೋಪಿನ ಸ್ನಾನ ಮಾಡಿಸಿ, ಗೀಚಿದ ಜಾಗಕ್ಕೆ ಬಣ್ಣ ಮುಟ್ಟಿಸೋಕೆ ಆಯಾ ಕಲಾವಿದರನ್ನೇ ಕರೀತೀವಿ, ಅವತ್ತಿನ ಕೂಲಿ ಬೇರೆ ಕೊಡ್ತೀವಿ. ಶೀಶೆಗಳು ನನ್ನ ಗ್ಯಾರೇಜಿನ ಕಬ್ಬಿಣದ ಬೀರುವಿನಲ್ಲಿವೆ. ಆರನೇ ಹೋರಿಯ ಹಸಿರು ಮಾತ್ರ ಗಟ್ಟಿಯಾಗಿಬಿಟ್ಟಿದೆ, ಮುಚ್ಚಳ ಸಡಿಲ ಹಾಕಿದ್ದು ನಾನೇ. ಆ ಹೋರಿಗೆ ಬಣ್ಣ ಹಾಕಿದ ಮೇಷ್ಟ್ರಿಗೆ ಇನ್ನೂ ಹೇಳಿಲ್ಲ.